ಸೋಲೂರಿಗೆ ಬಂದ ಚಿಕಿತ್ಸೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ಹೆಸರುಗಳನ್ನು ಕೇಳಿದೊಡನೆ ನಿಮಗೆ ಏನೇನು ನೆನಪಾಗುತ್ತದೆ? ರೇಷ್ಮೆಗೂಡಿನ ಮಾರುಕಟ್ಟೆ, ಅರಗಿನ ಬಣ್ಣದ ಮರದ ಗೊಂಬೆಗಳು, ಕೆಂಪೇಗೌಡರ ಕೋಟೆ, ಸಾವನದುರ್ಗದ ಬಂಡೆ. ಸಿನಿಮಾ ಪ್ರಿಯರಾದರೆ ‘ಶೋಲೆ’ಯ ಗುಡ್ಡಗಳನ್ನೂ ಸೇರಿಸುತ್ತೀರಿ. ಆದರೆ ಮಾಗಡಿ ತಾಲ್ಲೂಕಿನ ಸೋಲೂರು ಎಂಬ ಊರು ಮನೋವೈದ್ಯದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ ಎಂದರೆ ಆ ತಾಲ್ಲೂಕಿನವರಲ್ಲೇ ಅನೇಕರು ಹುಬ್ಬೇರಿಸಬಹುದು. ಬೆಂಗಳೂರಿನಿಂದ ಹಾಸನದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ಕುಣಿಗಲ್ ತಲುಪುವ ಮೊದಲು ಬಸ್ಸು ಒಂದು ನಿಮಿಷ ನಿಂತು ಹೊರಡುವ ಊರು ಅದು. ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯ ಚಿಕಿತ್ಸೆ ದೊಡ್ಡ ಗೋಡೆಯ ಆಸ್ಪತ್ರೆಯಿಂದ ಇಳಿದು ಹಳ್ಳಿಯ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದ ಕಥೆಯಲ್ಲಿ ಈ ಊರಿನ ಪಾತ್ರ ಚಿಕ್ಕದಲ್ಲ.

ಈ ವಿಷಯವನ್ನು ವಿದ್ಯಾರ್ಥಿಗಳಾದ ನಿಮಗೇ ಏಕೆ ಹೇಳಬೇಕು? ಕಾರಣ ಸರಳವಾಗಿದೆ. ಈ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ನಿಮ್ಮ ವಯಸ್ಸಿನಲ್ಲಿ. ಹುಡುಗರಲ್ಲಿ ಹದಿನೆಂಟರ ಆಸುಪಾಸಿನಿಂದ ಇಪ್ಪತ್ತೈದರೊಳಗೆ, ಹುಡುಗಿಯರಲ್ಲಿ ಕೆಲವು ವರ್ಷ ತಡವಾಗಿ ಅದು ಕಾಣಿಸಿಕೊಳ್ಳುವುದೇ ಹೆಚ್ಚು. ಮುದುಕರ ಕಾಯಿಲೆಗಳನ್ನು ವೈದ್ಯರು ಮೊದಲು ಗುರುತಿಸಬಹುದು. ಇದನ್ನು ಮೊದಲು ಗಮನಿಸುವವರು ಪಕ್ಕದ ಬೆಂಚಿನವರು, ಹಾಸ್ಟೆಲಿನ ಕೋಣೆಯವರು.

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಚನ್ನಪಟ್ಟಣದ ಬಳಿಯ ಹಳ್ಳಿಯವನು, ದಿನವೂ ರೈಲು ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗಿಬರುತ್ತಾನೆ. ಓದಿನಲ್ಲಿ ಚುರುಕು. ಎರಡನೆಯ ವರ್ಷದಲ್ಲಿ ಮೆಲ್ಲಗೆ ಸ್ನೇಹಿತರ ಗುಂಪಿನಿಂದ ಸರಿಯುತ್ತಾನೆ. ರಾತ್ರಿ ನಿದ್ದೆಯಿಲ್ಲ. ಸ್ನಾನ, ಊಟದ ಪರಿವೆ ಕಡಿಮೆ. ರೈಲಿನಲ್ಲಿ ಎದುರು ಕುಳಿತವರು ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎಂಬ ಶಂಕೆ. ಕೆಲವು ತಿಂಗಳ ಬಳಿಕ, ಯಾರೂ ಇಲ್ಲದಾಗಲೂ ಇಬ್ಬರು ತನ್ನ ಬಗ್ಗೆ ‘ನೋಡು, ಎದ್ದ, ನೋಡು, ಬಾಗಿಲು ತೆರೆದ’ ಎಂದು ಮಾತಾಡಿಕೊಳ್ಳುವುದು ಅವನಿಗೆ ಕೇಳಿಸತೊಡಗುತ್ತದೆ. ಮನೆಯವರು ಮೊದಲು ಪ್ರೀತಿ ಪ್ರೇಮದ ಗಲಾಟೆ ಎನ್ನುತ್ತಾರೆ, ಆಮೇಲೆ ಗಾಳಿ ಸೋಕಿದೆ ಎನ್ನುತ್ತಾರೆ, ಕೊನೆಗೆ ದಾಯಾದಿಗಳು ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ಯಂತ್ರ ಕಟ್ಟಿಸುವುದರಲ್ಲಿ, ದೇವಸ್ಥಾನದಲ್ಲಿ ಹರಕೆ ಹೊರುವುದರಲ್ಲಿ ಒಂದೆರಡು ವರ್ಷ ಕಳೆಯುತ್ತದೆ. ಈ ಹುಡುಗ ಕಲ್ಪಿತ. ಆದರೆ ಮನೋವೈದ್ಯರ ಮುಂದೆ ಬರುವ ವೃತ್ತಾಂತಗಳು ಬಹುಮಟ್ಟಿಗೆ ಇದೇ ಜಾಡಿನವು.

ಆ ಕಳೆದುಹೋದ ಒಂದೆರಡು ವರ್ಷ ಬಹಳ ಮುಖ್ಯವಾದದ್ದು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ನಿಧಾನವಾಗುತ್ತದೆ, ಓದು ನಿಲ್ಲುತ್ತದೆ, ಕೆಲಸ ತಪ್ಪುತ್ತದೆ. ಆದ್ದರಿಂದ ಈ ಕಾಯಿಲೆಯ ಚರಿತ್ರೆ ಎಂದರೆ ಒಂದು ಅರ್ಥದಲ್ಲಿ ರೋಗಿಗೂ ವೈದ್ಯನಿಗೂ ನಡುವಿನ ದೂರದ ಚರಿತ್ರೆ.

ದೂರ ಎಷ್ಟಿತ್ತು ನೋಡಿ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಕಾಲ. ಮೈಸೂರು ಕಮಿಷನ್ನಿನ ಸರ್ಜನ್ ಆಗಿದ್ದ ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರು 1847ರ ಸುಮಾರಿಗೆ ಬೆಂಗಳೂರಿನಲ್ಲಿ ಮಾನಸಿಕ ಅಸ್ವಸ್ಥರಿಗಾಗಿ ಒಂದು ಆಶ್ರಯವನ್ನು ತೆರೆದರು. ಅದು ಧರ್ಮಾಂಬುಧಿ ಕೆರೆಯ ಸಮೀಪದಲ್ಲಿತ್ತು. ಆ ಕೆರೆಯ ಅಂಗಳದಲ್ಲೇ ಈಗ ನೀವು ಮೆಜೆಸ್ಟಿಕ್ ಎಂದು ಇಳಿಯುವ ಬಸ್ ನಿಲ್ದಾಣವಿದೆ. ಇಂಗ್ಲಿಷಿನಲ್ಲಿ ಲುನಾಟಿಕ್ ಅಸೈಲಂ, ಜನರ ಬಾಯಲ್ಲಿ ಹುಚ್ಚಾಸ್ಪತ್ರೆ. ನಮ್ಮ ಈ ನಾಲ್ಕೂ ಊರುಗಳು ಬೆಂಗಳೂರಿಗೆ ಐವತ್ತು ಅರವತ್ತು ಕಿಲೋಮೀಟರ್ ಅಂತರದವು. ಬೆಂಗಳೂರು–ಮೈಸೂರು ರೈಲು ಹಾದಿ ಬಂದದ್ದು 1880ರ ದಶಕದ ಮೊದಲ ವರ್ಷಗಳಲ್ಲಿ. ಅದರ ಅನುಕೂಲ ಸಿಕ್ಕಿದ್ದು ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ರಾಮನಗರಕ್ಕೆ ಮತ್ತು ಚನ್ನಪಟ್ಟಣಕ್ಕೆ ಮಾತ್ರ. ಕನಕಪುರದವರಿಗೂ ಮಾಗಡಿಯವರಿಗೂ ಎತ್ತಿನ ಗಾಡಿಯೇ ಗತಿ. ಕೈಕಾಲು ಕಟ್ಟಿದ ಒಬ್ಬ ಯುವಕನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಎರಡು ದಿನ ಪ್ರಯಾಣ ಮಾಡಬೇಕಾದ ಸಂಸಾರ ಎಷ್ಟು ಬಾರಿ ಅದಕ್ಕೆ ಮನಸ್ಸು ಮಾಡೀತು?

ಇನ್ನು ಆಶ್ರಯದೊಳಗೆ ಚಿಕಿತ್ಸೆ ಎಂಬುದು ಹೆಸರಿಗಷ್ಟೇ. ಊಟ, ನಿದ್ದೆ ಬರಿಸುವ ಔಷಧ, ಕೂಡಿಹಾಕುವ ಕೋಣೆ, ಕೈಲಾದವರಿಗೆ ತೋಟದ ಕೆಲಸ. ಇದಕ್ಕಾಗಿ ನಮ್ಮ ಊರಿನ ವೈದ್ಯರನ್ನು ದೂರಬೇಕಾಗಿಲ್ಲ. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಆಗ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ಕಾಯಿಲೆಗೆ ಇನ್ನೂ ಹೆಸರೇ ಇರಲಿಲ್ಲ ಎಂಬುದನ್ನು ಗಮನಿಸಿ.

ಹೆಸರು ಬಂದದ್ದು ಹೀಗೆ. ಜರ್ಮನಿಯ ಎಮಿಲ್ ಕ್ರೆಪೆಲಿನ್ ಸಾವಿರಾರು ರೋಗಿಗಳ ವೃತ್ತಾಂತಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಬಂದು ಹೋಗುವ ಉನ್ಮಾದ-ವಿಷಾದದ ಕಾಯಿಲೆಯೇ ಬೇರೆ, ಹರೆಯದಲ್ಲಿ ಹಿಡಿದು ಮನಸ್ಸನ್ನು ಸವೆಸುತ್ತ ಹೋಗುವ ಕಾಯಿಲೆಯೇ ಬೇರೆ ಎಂದು 1890ರ ದಶಕದಲ್ಲಿ ವಿಂಗಡಿಸಿದರು. ಎರಡನೆಯದಕ್ಕೆ ಎಳೆಯ ವಯಸ್ಸಿನ ಬುದ್ಧಿಕ್ಷಯ ಎಂಬರ್ಥದ ಲ್ಯಾಟಿನ್ ಹೆಸರನ್ನು ಬಳಸಿದರು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಎಲ್ಲರ ಬುದ್ಧಿಯೂ ಕ್ಷಯಿಸುವುದಿಲ್ಲ, ಎಲ್ಲರಿಗೂ ಎಳೆಯ ವಯಸ್ಸಿನಲ್ಲೇ ಬರುವುದೂ ಇಲ್ಲ ಎಂಬುದು ಅವರ ವಾದ. 1908ರಲ್ಲಿ ಬರ್ಲಿನ್ನಿನ ಒಂದು ಉಪನ್ಯಾಸದಲ್ಲಿ ಅವರು ಸ್ಕಿಜೋಫ್ರೇನಿಯಾ ಎಂಬ ಪದವನ್ನು ಮುಂದಿಟ್ಟರು. ಸೀಳು ಮತ್ತು ಮನಸ್ಸು ಎಂಬ ಎರಡು ಗ್ರೀಕ್ ಮಾತುಗಳ ಜೋಡಣೆ ಅದು. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಎಂಬ ಪದಗಳು ಹುಟ್ಟಿದ್ದು ಇದರಿಂದಲೇ. ಪದ ಸೊಗಸಾಗಿದೆ, ಆದರೆ ತೊಂದರೆಯನ್ನೂ ತಂದಿದೆ. ಒಬ್ಬನೊಳಗೆ ಇಬ್ಬರು ವಾಸಿಸುವ ಸಿನಿಮಾ ಕಥೆಗಳನ್ನು ನೋಡಿದವರು ಅದನ್ನೇ ಸ್ಕಿಜೋಫ್ರೇನಿಯಾ ಎಂದುಕೊಳ್ಳುತ್ತಾರೆ. ಬ್ಲಾಯ್ಲರ್ ಹೇಳಿದ ಸೀಳು ಅದಲ್ಲ. ಆಲೋಚನೆ, ಭಾವನೆ, ನಡವಳಿಕೆ ಇವುಗಳ ನಡುವಿನ ಹೊಂದಾಣಿಕೆ ಕಳಚುವುದು ಅವರು ಕಂಡ ಸೀಳು. ಜಪಾನಿನ ವೈದ್ಯರು ಈ ಹೆಸರೇ ರೋಗಿಗಳಿಗೆ ಕಳಂಕ ಅಂಟಿಸುತ್ತಿದೆಯೆಂದು 2002ರಲ್ಲಿ ತಮ್ಮ ಭಾಷೆಯ ಪದವನ್ನೇ ಬದಲಾಯಿಸಿದರು.

ನಮ್ಮಲ್ಲಿಯೂ ಈ ಬಗ್ಗೆ ಹಳೆಯ ಚಿಂತನೆ ಇಲ್ಲದಿಲ್ಲ. ಚರಕ ಸಂಹಿತೆ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ವಾತ, ಪಿತ್ತ, ಕಫಗಳಿಂದ ಬರುವ ಮೂರು, ಮೂರೂ ಕೂಡಿ ಬರುವುದು ಒಂದು, ಹೊರಗಿನ ಕಾರಣದಿಂದ ಬರುವುದು ಇನ್ನೊಂದು. ಅಲ್ಲಿನ ಉನ್ಮಾದವೇ ಇಂದಿನ ಸ್ಕಿಜೋಫ್ರೇನಿಯಾ ಎಂದು ಸಮೀಕರಿಸುವುದು ಆತುರದ ಮಾತು. ಆದರೆ ಮನಸ್ಸಿನ ಕಾಯಿಲೆಗೆ ದೇಹದಲ್ಲೂ ಕಾರಣವಿರಬಹುದು, ಅದಕ್ಕೆ ಔಷಧ ಕೊಡಬಹುದು ಎಂಬ ನಿಲುವು ಅಲ್ಲಿ ಸ್ಪಷ್ಟವಾಗಿದೆ.

ಬೆಂಗಳೂರಿಗೆ ಮರಳೋಣ. 1925ರಲ್ಲಿ ಅಸೈಲಂ ಎಂಬ ಹೆಸರು ಹೋಗಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಡಾ. ಫ್ರಾಂಕ್ ನರೋನ ಅದರ ಮುಖ್ಯಸ್ಥರಾಗಿದ್ದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದ ಉತ್ತರಾರ್ಧದಲ್ಲಿ, ಪೇಟೆಯ ಗದ್ದಲದಿಂದ ಆಸ್ಪತ್ರೆ ಹೊಸೂರು ರಸ್ತೆಯ ಲಕ್ಕಸಂದ್ರದ ವಿಶಾಲವಾದ ಜಾಗಕ್ಕೆ ಹೋಯಿತು. ನರೋನ ಅವರ ನಂತರ ಬಂದವರು ಡಾ. ಎಂ.ವಿ. ಗೋವಿಂದಸ್ವಾಮಿ. ತತ್ತ್ವಶಾಸ್ತ್ರದಲ್ಲೂ ಆಸಕ್ತಿಯಿದ್ದ ಈ ವೈದ್ಯರು ಯೂರೋಪಿನ ಹೊಸ ಚಿಕಿತ್ಸೆಗಳನ್ನು ಹೆಚ್ಚು ತಡವಿಲ್ಲದೆ ಇಲ್ಲಿಗೆ ತಂದರು. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಜೋಲ್ ಎಂಬ ಮದ್ದಿನಿಂದ ಸೆಳವು ಬರಿಸುವುದು, ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆ, ಇವೆಲ್ಲ ಆ ಕಾಲದವು. ಇಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವುಗಳಲ್ಲಿ ಬಹುಪಾಲು ಕೈಬಿಟ್ಟುಹೋಗಿವೆ. ಆದರೆ ನ್ಯಾಯವಾಗಿ ನೋಡಿದರೆ, ಬೀಗ ಹಾಕುವುದಕ್ಕಿಂತ ಬೇರೆ ಏನಾದರೂ ಮಾಡಬಹುದೇ ಎಂದು ಹುಡುಕುತ್ತಿದ್ದ ವೈದ್ಯರ ಪ್ರಯತ್ನಗಳು ಅವು.

ಇಟಲಿಯ ಚೆರ್ಲೆಟ್ಟಿ ಮತ್ತು ಬೀನಿ 1938ರಲ್ಲಿ ಆರಂಭಿಸಿದ ವಿದ್ಯುತ್ ಸೆಳವು ಚಿಕಿತ್ಸೆ ಮಾತ್ರ ಸುಧಾರಿಸಿದ ರೂಪದಲ್ಲಿ ಇಂದಿಗೂ ಉಳಿದಿದೆ. ಸಿನಿಮಾದಲ್ಲಿ ತೋರಿಸುವ ‘ಕರೆಂಟ್ ಕೊಡುವುದು’ ಇದಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ಅರಿವಳಿಕೆಯಾಗಲಿ ಸ್ನಾಯು ಸಡಿಲಿಸುವ ಮದ್ದಾಗಲಿ ಇಲ್ಲದೆ ಇದನ್ನು ಕೊಡುವಂತಿಲ್ಲ.

ನಿಜವಾದ ತಿರುವು ಔಷಧಗಳಿಂದ ಬಂತು. ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ, ಪಠ್ಯಪುಸ್ತಕಗಳು ಇದನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನಮ್ಮ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನು ಹಿಂದಿನಿಂದಲೂ ಬುದ್ಧಿ ಕೆಟ್ಟವರಿಗೆ ಕೊಡುವ ವಾಡಿಕೆಯಿತ್ತು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಈ ಬೇರು ಉನ್ಮಾದಕ್ಕೂ ರಕ್ತದ ಏರೊತ್ತಡಕ್ಕೂ ಉಪಯುಕ್ತ ಎಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಸಂಸ್ಥೆಯವರು ಇದರಿಂದ ರೆಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟ ಅನುಭವವನ್ನು ಪ್ರಕಟಿಸಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಮಂಕಾಗಿಸಿದ ಮೊಲಗಳಿಗೆ ಎಲ್-ಡೋಪಾ ಚುಚ್ಚಿದಾಗ ಅವು ಮತ್ತೆ ಚಟುವಟಿಕೆಯಾದವು. ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಮಹತ್ವ ಹೊರಬಿದ್ದದ್ದು 1950ರ ದಶಕದ ಉತ್ತರಾರ್ಧದ ಇಂಥ ಪ್ರಯೋಗಗಳಿಂದ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಬಂತು. ನಮ್ಮ ಬೇರಿಗೆ ಆ ಸಭೆಯಲ್ಲಿ ಕುರ್ಚಿ ಇರಲಿಲ್ಲ, ಇರಲಿ.

ಆದರೆ ಔಷಧವಾಗಿ ಗೆದ್ದದ್ದು ಸರ್ಪಗಂಧವಲ್ಲ. 1952ರಲ್ಲಿ ಪ್ಯಾರಿಸ್ಸಿನ ಜಾನ್ ಡಿಲೇ ಮತ್ತು ಪಿಯರ್ ಡೆನಿಕೆರ್ ಕ್ಲೋರ್‌ಪ್ರೊಮಜೀನ್ ಎಂಬ ಮಾತ್ರೆ ರೋಗಿಗಳ ಭ್ರಮೆಗಳನ್ನು ಇಳಿಸುವುದನ್ನು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅದು ಭಾರತಕ್ಕೂ ಬಂತು. ವರ್ಷಗಳ ಕಾಲ ಮೂಲೆಯಲ್ಲಿ ಕುಳಿತಿದ್ದವರು ಮಾತಾಡಿದರು, ಮನೆಯ ವಿಳಾಸ ಹೇಳಿದರು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿತ್ತು. 1974ರ ಡಿಸೆಂಬರ್ 27ರಂದು ಈ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ಹುಟ್ಟಿತು.

ಆಗಲೂ ದೂರದ ಪ್ರಶ್ನೆ ಹಾಗೆಯೇ ಇತ್ತು. ಮಾತ್ರೆ ಇದೆ, ಆದರೆ ಅದು ಬೆಂಗಳೂರಿನಲ್ಲಿದೆ. ರೋಗಿ ಸಾವನದುರ್ಗದ ಹಿಂದಿನ ಹಳ್ಳಿಯಲ್ಲಿದ್ದಾನೆ. ಒಮ್ಮೆ ಕಷ್ಟಪಟ್ಟು ಕರೆತಂದರು ಎನ್ನಿ. ಗುಣವಾಗಿ ಊರಿಗೆ ಹೋದವನು ಎರಡು ತಿಂಗಳಲ್ಲಿ ಮಾತ್ರೆ ಮುಗಿದಾಗ ಮತ್ತೆ ಬರುವುದಿಲ್ಲ, ಕೂಲಿ ತಪ್ಪುತ್ತದೆ, ಬಸ್ಸಿಗೆ ಕಾಸಿಲ್ಲ. ಕಾಯಿಲೆ ಮರಳುತ್ತದೆ. ಆಗ ಊರಿನವರು ಇಂಗ್ಲಿಷ್ ಔಷಧಿ ಹಿಡಿಯಲಿಲ್ಲ ಎಂದು ತೀರ್ಮಾನಿಸುತ್ತಾರೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಡಾ. ಆರ್.ಎಲ್. ಕಪೂರ್ ಮುಖ್ಯರು. ಅವರು ಮೊದಲು ಬ್ರಿಟನ್ನಿನ ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಅವರೊಂದಿಗೆ ದಕ್ಷಿಣ ಕನ್ನಡ ಕರಾವಳಿಯ ಕೋಟದಲ್ಲಿ ಮನೆಮನೆ ಸಮೀಕ್ಷೆ ಮಾಡಿದ್ದರು. ಅದರ ಪುಸ್ತಕ 1976ರಲ್ಲಿ ಹೊರಬಂತು. ಅಲ್ಲಿ ಅವರು ಕಂಡದ್ದು ಏನೆಂದರೆ, ಜನರು ಪಾತ್ರಿ, ಮಂತ್ರವಾದಿ, ನಾಟಿವೈದ್ಯ, ಡಾಕ್ಟರು ಯಾರನ್ನೂ ಬಿಡುವುದಿಲ್ಲ. ಒಬ್ಬರ ಬಳಿ ಹೋದರೆ ಇನ್ನೊಬ್ಬರ ಬಳಿ ಹೋಗಬಾರದು ಎಂಬ ನಿಯಮ ಅವರಿಗಿಲ್ಲ. ಇದು ಬಹಳ ಉಪಯುಕ್ತವಾದ ತಿಳಿವಳಿಕೆ. ಅಂದರೆ ಹಳ್ಳಿಗರು ಔಷಧಕ್ಕೆ ವಿರೋಧಿಗಳಲ್ಲ. ಔಷಧ ಕೈಗೆಟುಕುವಲ್ಲಿ ಇಲ್ಲ, ಅಷ್ಟೇ.

ನಿಮ್ಹಾನ್ಸ್ 1976ರಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆಯಿತು. ಅಲ್ಲಿ ಕಲಿತದ್ದನ್ನು ಸರ್ಕಾರದ ಸಾಮಾನ್ಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಪರೀಕ್ಷಿಸಿ ನೋಡಬೇಕಿತ್ತು. ಅದಕ್ಕೆ ಒದಗಿದ್ದೇ ಮಾಗಡಿ ತಾಲ್ಲೂಕಿನ ಸೋಲೂರು. ಡಾ. ಕಪೂರ್, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್, ಮನಶ್ಶಾಸ್ತ್ರಜ್ಞೆ ಮಾಲವಿಕಾ ಕಪೂರ್, ಸಮಾಜಕಾರ್ಯದ ಆರ್. ಪಾರ್ಥಸಾರಥಿ ಇವರೆಲ್ಲ ಆ ತಂಡದ ಕೆಲಸದಲ್ಲಿ ಕೈಜೋಡಿಸಿದವರು. ಇವರಲ್ಲಿ ಚಂದ್ರಶೇಖರ್ ಅವರ ಹೆಸರಿನ ಮೊದಲ ಅಕ್ಷರ ಚನ್ನಪಟ್ಟಣವೇ. ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಇವರಷ್ಟು ಬರೆದವರು ಇನ್ನೊಬ್ಬರಿಲ್ಲ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದಾದರೂ ಸಿಕ್ಕೀತು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಸೋಲೂರಿನಲ್ಲಿ ಮಾಡಿದ ಕೆಲಸದ ತಿರುಳು ಇಷ್ಟು. ಮನೋವೈದ್ಯರು ಊರೂರಿಗೆ ಹೋಗಿ ಕೂರಲಾಗದು, ಅಷ್ಟು ಮಂದಿ ದೇಶದಲ್ಲೇ ಇಲ್ಲ. ಆದರೆ ಆರೋಗ್ಯ ಕಾರ್ಯಕರ್ತೆಯರು ಆಗಲೇ ಮನೆಮನೆಗೆ ಹೋಗುತ್ತಿದ್ದಾರೆ, ಮಲೇರಿಯಾ ಜ್ವರ ವಿಚಾರಿಸಲು, ಕುಟುಂಬ ಯೋಜನೆಯ ಮಾತಾಡಲು, ಮಕ್ಕಳ ಲಸಿಕೆಗೆ. ಅದೇ ಜಗಲಿಯಲ್ಲಿ ಇನ್ನೂ ಒಂದೆರಡು ಪ್ರಶ್ನೆ ಕೇಳಿದರೆ? ತನ್ನಷ್ಟಕ್ಕೆ ಮಾತಾಡಿಕೊಳ್ಳುವವರು, ಅರ್ಥವಿಲ್ಲದೆ ಅಲೆಯುವವರು, ಯಾರೊಂದಿಗೂ ಬೆರೆಯದೆ ಕುಳಿತವರು ಈ ಮನೆಯಲ್ಲಿ, ಈ ಬೀದಿಯಲ್ಲಿ ಯಾರಾದರೂ ಇದ್ದಾರೆಯೇ? ರೋಗನಿರ್ಣಯ ಕಾರ್ಯಕರ್ತೆಯ ಕೆಲಸವಲ್ಲ. ಗುರುತಿಸುವುದು, ಡಾಕ್ಟರ ಬಳಿ ಕಳಿಸುವುದು, ಮಾತ್ರೆ ನಿಲ್ಲಿಸಿದವರ ಮನೆಗೆ ಮತ್ತೆ ಹೋಗಿ ಕೇಳುವುದು ಅವರ ಕೆಲಸ. ಆರೋಗ್ಯ ಕೇಂದ್ರದ ವೈದ್ಯರಿಗೆ ಕೆಲವೇ ಕಾಯಿಲೆಗಳ ನಿರ್ಣಯ, ಕೆಲವೇ ಔಷಧಗಳ ಬಳಕೆ. ತರಬೇತಿಗೆ ಮುನ್ನ ಮತ್ತು ನಂತರ ಅವರ ತಿಳಿವಳಿಕೆಯನ್ನು ಅಳೆದು ನೋಡಿದರು. ಈ ತರಬೇತಿಯ ವಿವರ 1982ರಲ್ಲಿ ಭಾರತೀಯ ಮನೋವೈದ್ಯರ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದೇ ಸುಮಾರಿಗೆ ಚಂಡೀಗಢದ ವೈದ್ಯರು ಹರಿಯಾಣದ ರಾಯಪುರ್ ರಾಣಿಯಲ್ಲಿ ಇಂಥದೇ ಪ್ರಯೋಗ ನಡೆಸಿದ್ದರು. ಎರಡರ ಅನುಭವವೂ ಸೇರಿ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಒಂದು ಆರೋಗ್ಯ ಕೇಂದ್ರದಲ್ಲಿ ಆದದ್ದು ಇಡೀ ಜಿಲ್ಲೆಗೆ ಆದೀತೇ ಎಂದು 1985ರಿಂದ ಬಳ್ಳಾರಿಯಲ್ಲಿ ನೋಡಿದರು. ಬಳ್ಳಾರಿಯ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹರಡತೊಡಗಿತು. ಹೀಗೆ ಬಳ್ಳಾರಿಯ ಹೆಸರು ಎಲ್ಲ ವರದಿಗಳಲ್ಲೂ ಇದೆ, ಸೋಲೂರಿನದು ಅಡಿಟಿಪ್ಪಣಿಯಲ್ಲಿದೆ. ಈ ಲೇಖನದ ಶೀರ್ಷಿಕೆಗೆ ಅದೂ ಒಂದು ಕಾರಣ.

ಈ ಚರಿತ್ರೆಯಲ್ಲಿ ಸಂಸಾರಗಳ ಪಾಲನ್ನೂ ಹೇಳಬೇಕು. ಬೆಂಗಳೂರಿನಲ್ಲೇ ಶೈಲಾ ಪೈ ಮತ್ತು ಡಾ. ಕಪೂರ್ 1981ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ರೋಗಿಯ ಮನೆಯವರು ಹೊರುವ ಹೊರೆಯನ್ನು ಅಳೆಯುವ ಪ್ರಶ್ನಾವಳಿ ಅದು. ಸಾಲ ಎಷ್ಟಾಯಿತು, ಯಾರ ಕೂಲಿ ತಪ್ಪಿತು, ನೆಂಟರು ಬರುವುದು ನಿಂತಿತೇ, ಮನೆಯಲ್ಲಿ ಬೇರೆ ಯಾರ ಆರೋಗ್ಯ ಕೆಟ್ಟಿತು ಮುಂತಾಗಿ. ಇದು ಇಂದಿಗೂ ಹಲವು ದೇಶಗಳ ಸಂಶೋಧಕರು ಬಳಸುವ ಅಳತೆಗೋಲು. ಅವರೇ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಆಸ್ಪತ್ರೆಗೆ ಸೇರಿಸುವ ಬದಲು ತರಬೇತಾದ ನರ್ಸ್ ಮನೆಗೇ ಹೋಗಿ ನೋಡಿಕೊಂಡ ರೋಗಿಗಳು ಹೆಚ್ಚು ಚೆನ್ನಾಗಿ ಸುಧಾರಿಸಿದರು, ಖರ್ಚೂ ಕಡಿಮೆಯಾಯಿತು.

ಈಗ ವೈದ್ಯರು ಈ ಕಾಯಿಲೆಯನ್ನು ಹೇಗೆ ನಿರ್ಣಯಿಸುತ್ತಾರೆ ಎಂಬುದಕ್ಕೆ ಬರೋಣ. ಸಕ್ಕರೆ ಕಾಯಿಲೆಗೆ ಇರುವಂತೆ ಇದಕ್ಕೆ ರಕ್ತ ಪರೀಕ್ಷೆ ಇಲ್ಲ. ಸ್ಕ್ಯಾನಿನಲ್ಲಿ ಕಾಣುವ ಗುರುತೂ ಇಲ್ಲ. ವೈದ್ಯರ ಸಾಧನ ಮಾತು ಮತ್ತು ತಾಳ್ಮೆ. ಮೊದಲು ಮನೆಯವರಿಂದ ವೃತ್ತಾಂತ ಕೇಳುತ್ತಾರೆ. ಯಾವಾಗ ಶುರುವಾಯಿತು, ಮೊದಲು ಹೇಗಿದ್ದ, ನಿದ್ದೆ, ಊಟ, ಕೆಲಸ, ವಂಶದಲ್ಲಿ ಯಾರಿಗಾದರೂ ಇತ್ತೇ, ಗಾಂಜಾ ಅಥವಾ ಹೆಂಡದ ಅಭ್ಯಾಸ ಇದೆಯೇ. ಆಮೇಲೆ ರೋಗಿಯ ಜೊತೆ ಪ್ರತ್ಯೇಕವಾಗಿ ಮಾತು. ಯಾರೂ ಇಲ್ಲದಾಗ ಧ್ವನಿ ಕೇಳಿಸುತ್ತದೆಯೇ? ಅದು ನಿನ್ನೊಡನೆ ಮಾತಾಡುತ್ತದೆಯೋ, ನಿನ್ನ ಬಗ್ಗೆ ಮಾತಾಡುತ್ತದೆಯೋ? ಯಾರಾದರೂ ಕೇಡು ಬಗೆಯುತ್ತಿದ್ದಾರೆ ಅನ್ನಿಸುತ್ತದೆಯೇ? ನೀನು ಯೋಚಿಸಿದ್ದು ಇತರರಿಗೆ ತಿಳಿದುಬಿಡುತ್ತದೆಯೇ? ಇಂಥ ಅನುಭವಗಳ ಪಟ್ಟಿಯನ್ನು ಜರ್ಮನಿಯ ಕುರ್ಟ್ ಶ್ನೈಡರ್ ಕಳೆದ ಶತಮಾನದ ಮಧ್ಯಭಾಗದಲ್ಲಿ ಮಾಡಿಕೊಟ್ಟರು. ಜೊತೆಗೆ ಮಾತಿನ ಜೋಡಣೆ ತಪ್ಪಿದೆಯೇ, ಮುಖದಲ್ಲಿ ಭಾವನೆ ಬತ್ತಿದೆಯೇ, ಯಾವುದರಲ್ಲೂ ಉತ್ಸಾಹವಿಲ್ಲವೇ ಎಂಬುದನ್ನೂ ನೋಡುತ್ತಾರೆ. ಸದ್ದಿಲ್ಲದ ಈ ಲಕ್ಷಣಗಳನ್ನು ಮನೆಯವರು ಸೋಮಾರಿತನ ಎಂದು ಬೈಯುವುದೇ ಹೆಚ್ಚು.

ಇವೆಲ್ಲ ಇದ್ದರೂ ಕೂಡಲೇ ಹೆಸರು ಹಚ್ಚುವುದಿಲ್ಲ. ಜ್ವರದ ಸನ್ನಿ, ಮೂರ್ಛೆರೋಗ, ಥೈರಾಯ್ಡ್ ತೊಂದರೆ, ಮಾದಕ ವಸ್ತು, ತೀವ್ರ ಖಿನ್ನತೆ ಇವು ಯಾವುವೂ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ರಕ್ತ ಪರೀಕ್ಷೆ ಬರೆದುಕೊಡುವುದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ಲಕ್ಷಣಗಳು ಕನಿಷ್ಠ ಒಂದು ತಿಂಗಳು ಇರಬೇಕು. ಅಮೆರಿಕದವರದು ಇನ್ನೂ ಬಿಗಿ, ಕಾಯಿಲೆಯ ಕುರುಹು ಆರು ತಿಂಗಳು ಇರಬೇಕೆನ್ನುತ್ತಾರೆ.

ಇಲ್ಲೊಂದು ಸೂಕ್ಷ್ಮ. ಊರಹಬ್ಬದಲ್ಲಿ ತಮಟೆ ಬಾರಿಸಿದಾಗ ಒಬ್ಬಾಕೆಯ ಮೈಮೇಲೆ ದೇವರು ಬರುತ್ತದೆ, ಆಕೆ ದೇವರ ದನಿಯಲ್ಲಿ ಮಾತಾಡುತ್ತಾಳೆ. ಇದು ಸ್ಕಿಜೋಫ್ರೇನಿಯಾವೇ? ಅಲ್ಲ. ಅದಕ್ಕೊಂದು ಹೊತ್ತಿದೆ, ಜಾಗವಿದೆ, ಊರಿನವರ ಒಪ್ಪಿಗೆಯಿದೆ. ಮರುದಿನ ಬೆಳಿಗ್ಗೆ ಆಕೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿರುತ್ತಾಳೆ. ಊರಿನ ಪದ್ಧತಿ ತಿಳಿಯದ ವೈದ್ಯ ಇಲ್ಲಿ ಎಡವಬಹುದು. ಇದರ ಇನ್ನೊಂದು ಮಗ್ಗುಲೂ ಇದೆ. ಹಬ್ಬವಿಲ್ಲದ ದಿನ, ಯಾರೂ ಕರೆಯದೆ, ವಾರಗಟ್ಟಲೆ ನಿದ್ದೆಗೆಟ್ಟು ದೇವರು ತನಗೆ ಅಪ್ಪಣೆ ಕೊಡುತ್ತಿದೆ ಎನ್ನುವವನನ್ನು ಊರಿನವರೇ ಬೇರೆಯಾಗಿ ಗುರುತಿಸುತ್ತಾರೆ. ‘ಇದು ಆ ಥರದ್ದಲ್ಲ’ ಎನ್ನುವ ಅಜ್ಜಿಯ ಮಾತನ್ನು ಜಾಣ ವೈದ್ಯ ಬರೆದುಕೊಳ್ಳುತ್ತಾನೆ.

ಕಾರಣ ಏನು ಎಂದು ಕೇಳುತ್ತೀರಿ. ಒಂದೇ ಕಾರಣವಿಲ್ಲ. ವಂಶದ ಪಾಲಿದೆ. ತಂದೆ ಅಥವಾ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಅಂದರೆ ತೊಂಬತ್ತು ಮಂದಿಗೆ ಬರುವುದಿಲ್ಲ. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗಿದ್ದರೂ ಇನ್ನೊಬ್ಬರಿಗೆ ತಪ್ಪದೆ ಬರುತ್ತದೆ ಎಂದಿಲ್ಲ, ಸುಮಾರು ಅರ್ಧದಷ್ಟು ಮಂದಿ ಪಾರಾಗುತ್ತಾರೆ. ಹರೆಯದಲ್ಲಿ ಗಾಂಜಾ ಸೇದುವುದು ಅಪಾಯವನ್ನು ಹೆಚ್ಚಿಸುತ್ತದೆ. ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ವಾದ ಅಮೆರಿಕದಲ್ಲಿ ಒಂದು ಕಾಲಕ್ಕೆ ಬಹಳ ನಡೆಯಿತು. ಅದು ಸುಳ್ಳೆಂದು ತೀರ್ಮಾನವಾಗುವ ಹೊತ್ತಿಗೆ ಎಷ್ಟೋ ತಾಯಂದಿರು ಸುಮ್ಮನೆ ಕಣ್ಣೀರು ಹಾಕಿದ್ದರು.

ಚಿಕಿತ್ಸೆಯಲ್ಲಿ ಮಾತ್ರೆ ಮೊದಲು ಬರುತ್ತದೆ. ಕ್ಲೋರ್‌ಪ್ರೊಮಜೀನ್, ಹ್ಯಾಲೊಪೆರಿಡಾಲ್ ಹಳೆಯವು. ರಿಸ್ಪೆರಿಡೋನ್, ಒಲಾಂಜಪಿನ್ ಆಮೇಲೆ ಬಂದವು. ದಿನವೂ ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಫ್ಲೂಫೆನಜೀನ್ ಇಂಜೆಕ್ಷನ್ ಹಳ್ಳಿಯ ಚಿಕಿತ್ಸಾ ಶಿಬಿರಗಳಲ್ಲಿ ಬಹಳ ಉಪಕಾರ ಮಾಡಿದೆ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಕ್ಲೋಜಪಿನ್ ಇದೆ. ಆದರೆ ಅದು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುವುದರಿಂದ ಮೇಲಿಂದ ಮೇಲೆ ರಕ್ತ ಪರೀಕ್ಷೆ ಬೇಕು. ಅಡ್ಡಪರಿಣಾಮಗಳನ್ನು ಮುಚ್ಚಿಡಬಾರದು. ಹಳೆಯ ಮಾತ್ರೆಗಳು ಕೈ ನಡುಕ, ಮೈ ಬಿಗಿತ ತರುತ್ತವೆ. ಹೊಸವು ತೂಕ ಮತ್ತು ಸಕ್ಕರೆ ಏರಿಸುತ್ತವೆ. ಇದನ್ನು ವೈದ್ಯರು ಮೊದಲೇ ತಿಳಿಸದಿದ್ದರೆ ಮನೆಯವರು ಹೆದರಿ ಮಾತ್ರೆ ನಿಲ್ಲಿಸುತ್ತಾರೆ. ಸ್ಕಿಜೋಫ್ರೇನಿಯಾ ಮರುಕಳಿಸಲು ಅತಿ ಸಾಮಾನ್ಯವಾದ ಕಾರಣ ಹೀಗೆ ಮಾತ್ರೆ ನಿಲ್ಲಿಸುವುದೇ.

ಮಾತ್ರೆಯಾದ ಮೇಲೆ ಮನೆ. ಸದಾ ಟೀಕಿಸುವ, ಹಂಗಿಸುವ ಮನೆಯಲ್ಲಿ ಕಾಯಿಲೆ ಬೇಗ ಮರಳುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಗುರುತಿಸಿದರು. ಅದೇ ಅಳತೆಯಲ್ಲಿ ಚಂಡೀಗಢದ ಸಂಸಾರಗಳನ್ನು ನೋಡಿದಾಗ ಟೀಕೆಯ ಪ್ರಮಾಣ ಲಂಡನ್ನಿಗಿಂತ ಕಡಿಮೆಯಿತ್ತು. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಆಗ್ರಾ ಸೇರಿದಂತೆ ಒಂಬತ್ತು ಕೇಂದ್ರಗಳಲ್ಲಿ ಆರಂಭಿಸಿದ ಅಧ್ಯಯನ, ಬಡ ದೇಶಗಳ ರೋಗಿಗಳು ಶ್ರೀಮಂತ ದೇಶಗಳವರಿಗಿಂತ ಚೆನ್ನಾಗಿ ಚೇತರಿಸಿಕೊಂಡರೆಂದು ಹೇಳಿ ಆಶ್ಚರ್ಯ ಹುಟ್ಟಿಸಿತು. ಇದರ ಬಗ್ಗೆ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ನಾವು ಇದನ್ನೇ ಹೇಳಿಕೊಂಡು ಬೀಗುವುದು ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ದರ್ಗಾದ ಸುತ್ತ ನಡೆಯುತ್ತಿದ್ದ ಖಾಸಗಿ ಆಶ್ರಯಗಳಲ್ಲೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿ ಬಿಟ್ಟುಬಂದವರೂ ಮನೆಯವರೇ. 2017ರ ಕಾಯ್ದೆ ಸರಪಳಿ ಹಾಕುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ.

ಈ ನಾಲ್ಕು ತಾಲ್ಲೂಕುಗಳು ಆಗ ಬೆಂಗಳೂರು ಜಿಲ್ಲೆಯಲ್ಲಿದ್ದವು, 1986ರಿಂದ ಬೆಂಗಳೂರು ಗ್ರಾಮಾಂತರದಲ್ಲಿ. 2007ರಲ್ಲಿ ಅವೇ ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಿತು. ಹೆಸರು ಏನಾದರೂ ಆಗಲಿ, ಒಂದು ಲೆಕ್ಕ ಹಾಕಿ ನೋಡಿ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 10,82,636. ವಯಸ್ಕರು ಏಳೂವರೆ ಲಕ್ಷ ಎಂದಿಟ್ಟುಕೊಳ್ಳೋಣ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಂತೆ ಯಾವುದೇ ಹೊತ್ತಿನಲ್ಲಿ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ನಾಲ್ವರು ಸ್ಕಿಜೋಫ್ರೇನಿಯಾ ಅಥವಾ ಅಂಥ ಕಾಯಿಲೆಯಲ್ಲಿರುತ್ತಾರೆ. ಅಂದರೆ ನಾಲ್ಕು ತಾಲ್ಲೂಕುಗಳಲ್ಲಿ ಸುಮಾರು ಮೂರು ಸಾವಿರ ಮಂದಿ. ಇದು ತಲೆ ಎಣಿಸಿದ ಸಂಖ್ಯೆಯಲ್ಲ, ದೇಶದ ಸರಾಸರಿಯಿಂದ ಮಾಡಿದ ಅಂದಾಜು. ಅದೇ ಸಮೀಕ್ಷೆ ಇಂಥವರಲ್ಲಿ ನಾಲ್ವರಿಗೆ ಸುಮಾರು ಮೂವರು ಚಿಕಿತ್ಸೆಯಿಲ್ಲದೆ ಇದ್ದಾರೆಂದು ಹೇಳಿತು. ಸೋಲೂರಿನ ಪ್ರಯೋಗ ನಡೆದು ಮೂರು ದಶಕಗಳಾದ ಮೇಲಿನ ಮಾತಿದು.

ಕೆಲಸ ನಿಂತಿಲ್ಲ. ನಿಮ್ಹಾನ್ಸ್ ವೈದ್ಯರು ಕನಕಪುರದಂಥ ಊರುಗಳಿಗೆ ಬಂದು ಮನೋರೋಗ ಮತ್ತು ಮೂರ್ಛೆರೋಗದವರನ್ನು ನೋಡುವ ಪದ್ಧತಿ ಎಂಬತ್ತರ ದಶಕದಿಂದಲೂ ಬೆಳೆದು ಬಂತು. ಕರ್ನಾಟಕ ಸರ್ಕಾರದ ಮನೋಚೈತನ್ಯ ಯೋಜನೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಚಿಕಿತ್ಸೆಗೆ ದಾರಿ ಮಾಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮೊದಲು ಹೇಳಿದ ರೈಲಿನ ಹುಡುಗನ ಸ್ನೇಹಿತ ನೀವೇ ಎಂದುಕೊಳ್ಳಿ. ಅವನಿಗೆ ಕೇಳಿಸುವ ಧ್ವನಿ ಸುಳ್ಳೆಂದು ವಾದಿಸಿ ಗೆಲ್ಲಲಾರಿರಿ. ಅವನ ಕಿವಿಗೆ ಅದು ನಿಮ್ಮ ಧ್ವನಿಯಷ್ಟೇ ನಿಜ. ನಿಜವೆಂದು ಹೂಂಗುಟ್ಟಬೇಕಾಗಿಯೂ ಇಲ್ಲ. ‘ನನಗೆ ಕೇಳಿಸುತ್ತಿಲ್ಲ ಕಣೋ, ಆದರೆ ನಿನಗೆ ಕಷ್ಟವಾಗುತ್ತಿದೆ ಅಂತ ಗೊತ್ತಾಗ್ತಿದೆ. ನಿದ್ದೆ ಬರ್ತಿಲ್ಲ ಅಂತ ಹೇಳಿ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ’ ಎನ್ನಬಹುದು. ನಿದ್ದೆಯ ಮಾತಿಗೆ ಒಪ್ಪುವವರು ಬಹಳ ಮಂದಿ. ಬದುಕು ಸಾಕು ಎಂಬ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ, ಅವನನ್ನು ಒಂಟಿ ಬಿಡಬೇಡಿ, ಅಂದೇ ದೊಡ್ಡವರಿಗೆ ತಿಳಿಸಿ. ಆಸ್ಪತ್ರೆಗೆ ಹೋಗುವಾಗ ಯಾವಾಗಿನಿಂದ ಹೇಗೆ ಬದಲಾದ ಎಂಬುದನ್ನು ಒಂದು ಹಾಳೆಯಲ್ಲಿ ತಿಂಗಳು ಹಾಕಿ ಬರೆದುಕೊಂಡು, ಹಿಂದಿನ ಚೀಟಿಗಳಿದ್ದರೆ ಅವನ್ನೂ ಹಿಡಿದು, ಮನೆಯವರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲೇ ಇರುತ್ತದೆ.